ಬೆಳಗಾವಿಯಲ್ಲಿಲ್ಲದ ಮಗ

ನಮ್ಮ ಎದುರುಮನೆಯ ಮಹಡಿಗೆ ಆ ಹೆಣ್ಣುಮಗಳು ಬಾಡಿಗೆಗೆ ಬಂದಾಗ ಜೊತೆಯಲ್ಲಿದ್ದದ್ದು ಆರು ವರ್ಷದ ಮಗಳು ಮತ್ತು ಒಂದು ಗೂಡ್ಸ್ ಆಟೋದಷ್ಟು ಸಾಮಾನು. ಗಂಡ ಇರಲಿಲ್ಲ. ಸಾಮಾನು ಇಳಿಸಲು ಪಾವಗಡದಿಂದ ಬಂದಿದ್ದ ಅವಳ ಅಣ್ಣ ಸಂಜೆಯ ಬಸ್ಸಿಗೆ ಹೊರಟುಹೋದ. ಮಧುಗಿರಿಯ ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ನಾನೂ ಆ ಬೀದಿಯವಳೇ. ಕಿಟಕಿಯಲ್ಲಿ ನಿಂತು ನೋಡಿದ್ದೆ ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಮಗು ನಮ್ಮ ಮನೆಗೆ ಬಂದು ಹೋಗಲು ಶುರುಮಾಡಿತು. ನಾನು ಪುರವರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಬಣ್ಣದ ಸೀಮೆಸುಣ್ಣ, ಒಂದು ಮಗ್ಗುಲು ಖಾಲಿಯಿರುವ ಹಾಳೆಗಳು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತವೆ. ಒಂದು ಸಂಜೆ ಅಮ್ಮನ ಫೋನು ಹಿಡಿದುಕೊಂಡು ಬಂದು ನನಗೊಂದು ಫೋಟೊ ತೋರಿಸಿದಳು. ಕೆಂಪು ಮಣ್ಣಿನ ನೆಲ, ಸಾಲಾಗಿ ಬಿಳಿ ಶೆಡ್ಡುಗಳು, ಮುಂದೆ ಸಮವಸ್ತ್ರದಲ್ಲಿ ನಿಂತ ಮೀಸೆಯ ಗಂಡಸು. ತಲೆಯ ಮೇಲೆ ತಿಳಿನೀಲಿ ಟೋಪಿ.

"ನಮ್ಮಪ್ಪ. ಆಫ್ರಿಕಾದಲ್ಲಿದಾರೆ," ಅಂದಳು.

ಮಗಳನ್ನು ಕರೆಯಲು ಬಂದ ತಾಯಿಯನ್ನು ಕೇಳಿದೆ. ಅವಳು ಒಂದು ಕ್ಷಣ ತಡೆದು, "ಹೂಂ ಅಕ್ಕಾ, ಮಿಲಿಟರಿಲಿದಾರೆ. ಸೌತ್ ಸುಡಾನ್ ಅಂತ ದೇಶ. ಅಲ್ಲಿ ಜಗಳ ಆಗದಂಗೆ ನೋಡ್ಕೊಳೋ ಶಾಂತಿಪಡೆ. ಇನ್ನೂ ಎಂಟು ತಿಂಗಳೈತೆ," ಎಂದು ಹೇಳಿ ಮಗಳ ಕೈಯಿಂದ ಫೋನು ತೆಗೆದುಕೊಂಡಳು. ತೆಗೆದುಕೊಂಡ ರೀತಿ ಸ್ವಲ್ಪ ಬಿರುಸಾಗಿತ್ತು.

ಅದನ್ನು ನಾನಾಗ ಗಮನಿಸಿದರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆಯ ಹುಡುಗರು ಸೈನ್ಯಕ್ಕೆ ಸೇರುವುದು ಹೊಸದಲ್ಲ. ಆದರೆ ಇಲ್ಲೇ ಹತ್ತಿರದ ಮಿಡಿಗೇಶಿಯ ಹುಡುಗನೊಬ್ಬ ಸಮುದ್ರ ದಾಟಿ, ಯಾರದೋ ದೇಶದಲ್ಲಿ ಯಾರದೋ ಮಕ್ಕಳು ಸಾಯದಿರಲಿ ಎಂದು ಕಾವಲು ನಿಂತಿದ್ದಾನೆ ಎನ್ನುವುದು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಜನವರಿ ಹತ್ತಿರದಲ್ಲಿತ್ತು. ಗಣರಾಜ್ಯೋತ್ಸವದ ದಿನ ಅವನ ಹೆಂಡತಿಯನ್ನು ನಮ್ಮ ಶಾಲೆಗೆ ಕರೆದು ಸನ್ಮಾನ ಮಾಡಬೇಕು, ಮಕ್ಕಳಿಂದ ಅವನಿಗೆ ಪತ್ರ ಬರೆಸಬೇಕು ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಒಪ್ಪಿದರು. ಒಂಬತ್ತನೇ ತರಗತಿಯ ಮಕ್ಕಳು ಸಂಭ್ರಮದಿಂದ ಬರೆದರು. "ಅಲ್ಲಿ ರಾಗಿ ಮುದ್ದೆ ಸಿಗುತ್ತದೆಯೇ? ಸಿಗದಿದ್ದರೆ ಏನು ತಿನ್ನುತ್ತೀರಿ?" ಎಂದು ಒಬ್ಬಳು ಬರೆದಿದ್ದಳು. ಇನ್ನೊಬ್ಬನಿಗೆ ಅಲ್ಲಿ ಆನೆ ಇದೆಯೇ ಎನ್ನುವುದಷ್ಟೇ ಬೇಕಾಗಿತ್ತು.

ಇಷ್ಟರ ಮೇಲೆ ನಾನು ಮತ್ತೊಂದು ಕೆಲಸ ಮಾಡಿದೆ. ಮಗುವಿಗೆ ಹೇಳಿ ಆ ಫೋಟೊವನ್ನು ನನ್ನ ಫೋನಿಗೆ ಕಳಿಸಿಕೊಂಡಿದ್ದೆ. ಶಿರಾದಲ್ಲಿ ನೆಂಟರ ಮದುವೆಗೆ ಹೋದಾಗ ಅಲ್ಲೇ ಒಂದು ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ವೇದಿಕೆಯ ಮೇಲೆ ಇಟ್ಟು ಹಾರ ಹಾಕುವುದು ನನ್ನ ಯೋಚನೆ. ಅವಳನ್ನು ಕೇಳಬೇಕು ಅನ್ನಿಸಲಿಲ್ಲ. ಒಳ್ಳೆಯ ಕೆಲಸಕ್ಕೆ ಯಾರಾದರೂ ಬೇಡ ಅನ್ನುತ್ತಾರೆಯೇ?

ಅವಳು ಬೇಡ ಅಂದಳು. ಫೋಟೊ ನೋಡುತ್ತಿದ್ದ ಹಾಗೆ ಮುಖ ಬಿಳಿಚಿಕೊಂಡಿತು. "ಇದು ಎಲ್ಲಿ ಸಿಕ್ತು ನಿಮಗೆ? ವದ್ದು ಅಕ್ಕಾ, ವದ್ದು. ಬೇಡವೇ ಬೇಡ. ಸನ್ಮಾನ ಗಿನ್ಮಾನ ಏನೂ ಬೇಡ." ಗಾಬರಿಯಾದಾಗ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಅವರಿಗೆ ಇಷ್ಟ ಆಗಲ್ಲ. ಪೇಪರ್‌ನೋರಿಗೆ ಹೇಳಿದೀರಾ? ಹೇಳ್ಬೇಡಿ. ಕೈ ಮುಗಿತೀನಿ."

"ಯಾಕಮ್ಮಾ? ಹೆಮ್ಮೆಯ ವಿಷಯ ಅಲ್ವಾ?"

"ಬೇಡ ಅಂದ್ರೆ ಬೇಡ ಅಕ್ಕಾ," ಎಂದವಳು ಬಾಗಿಲು ಹಾಕಿಕೊಂಡಳು. ಕಟ್ಟು ಹಾಕಿದ ಫೋಟೊ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಅವಮಾನವೆನ್ನಿಸಿತು. ಅನುಮಾನ ಹುಟ್ಟಿದ್ದು ಅಲ್ಲಿಯೇ. ಅವಮಾನ ಆಗಿರದಿದ್ದರೆ ಅದು ಅಷ್ಟು ಬೇಗ ಬೆಳೆಯುತ್ತಿರಲಿಲ್ಲವೇನೋ.

ಅದಕ್ಕೆ ನೀರೆರೆದವರು ನಮ್ಮ ಪಿ.ಟಿ. ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. "ಮೇಡಂ, ನಮ್ಮ ಮಿಲಿಟರಿಯೋನು ಆಫ್ರಿಕಾದಲ್ಲಿ ಯಾಕಿರ್ತಾನೆ? ನಮ್ಮ ಬಾರ್ಡರ್ ಅಲ್ಲೈತಾ? ಈ ಟೋಪಿ ನೋಡಿ, ಬಣ್ಣವೇ ಬೇರೆ."

ನಾನು ಹುಡುಕಿ ನೋಡಿದ್ದೆ. ವಿಶ್ವಸಂಸ್ಥೆಯ ಶಾಂತಿಪಡೆಯವರು ನೀಲಿ ಟೋಪಿ ಹಾಕುತ್ತಾರೆ, ಅದರಲ್ಲಿ ನಮ್ಮ ದೇಶದ ಸೈನಿಕರೂ ಇರುತ್ತಾರೆ ಎಂದು ಹೇಳಿದೆ.

"ಇರ್ತಾರೆ ಅನ್ನೋದು ಸರಿ. ಇವನು ಅವರಲ್ಲಿ ಒಬ್ಬ ಅನ್ನೋದಕ್ಕೆ ಏನು ಸಾಕ್ಷಿ? ಫೋಟೊ ಯಾರು ಬೇಕಾದ್ರೂ ಮಾಡ್ಕೋಬಹುದು ಈಗ," ಎಂದರು.

ಅಲ್ಲಿಂದ ಮುಂದೆ ಕಣ್ಣಿಗೆ ಬಿದ್ದದ್ದೆಲ್ಲ ಅನುಮಾನಕ್ಕೇ ಹೋಯಿತು. ಅತ್ತೆಯ ಮನೆ ಮಿಡಿಗೇಶಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇವಳು ಅಲ್ಲಿರದೆ ಇಲ್ಲಿ ಮನೆ ಮಾಡಿಕೊಂಡಿದ್ದಾಳೆ. ಮಗುವಿನ ಸ್ಕೂಲಿಗಾಗಿ ಅಂತೆ. ಆದರೆ ಭಾನುವಾರವೂ ಮಗುವನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಹೋದರೆ ಒಬ್ಬಳೇ ಹೋಗಿ, ಮಗುವನ್ನು ಕೆಳಗಿನ ಮನೆಯಲ್ಲಿ ಬಿಟ್ಟು, ಮಧ್ಯಾಹ್ನಕ್ಕೆ ವಾಪಸ್ಸು. ಫೋನು ಬಂದರೆ ತಾರಸಿಗೆ ಹೋಗಿ ಮಾತಾಡುತ್ತಾಳೆ. ಒಂದು ಬೆಳಿಗ್ಗೆ ನಾನು ನಮ್ಮ ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದೆ. ಎದುರಿನಿಂದ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

"ಹೂಂ ಅತ್ತೆ, ಬೆಳಗಾವಿಲೇ ಇದಾರೆ. ಚೆನ್ನಾಗಿದಾರೆ. ಚಳಿ ಜಾಸ್ತಿ ಅಂತೆ. ಸ್ವೆಟರ್ ಐತೆ ಅತ್ತೆ, ಕಳಿಸೋದು ಬೇಡ."

ಹಿಂಡಿದ ಸೀರೆ ಕೈಯಲ್ಲೇ ಉಳಿಯಿತು. ನನಗೆ ಆಫ್ರಿಕಾ, ಅತ್ತೆಗೆ ಬೆಳಗಾವಿ. ಎರಡರಲ್ಲಿ ಯಾವುದು ಸುಳ್ಳು?

"ಎರಡೂ," ಎಂದರು ಪಿ.ಟಿ. ಮೇಷ್ಟ್ರು. "ಇಬ್ಬರಿಗೆ ಎರಡು ಊರು ಹೇಳೋಳ ಗಂಡ ಮೂರನೇ ಊರಲ್ಲಿರ್ತಾನೆ ಮೇಡಂ. ಕೆಲಸ ಬಿಟ್ಟು ಓಡ್ಬಂದಿರ್ಬೇಕು, ಇಲ್ಲಾ ತೆಗೆದುಹಾಕಿರ್ಬೇಕು. ನೀವು ಮಕ್ಕಳ ಕೈಲಿ ಕೃತಜ್ಞತೆ ಬರೆಸಿದ್ದೀರಲ್ಲ, ಯಾರಿಗೆ ಅಂತ ಒಂದ್ಸಲ ಯೋಚನೆ ಮಾಡಿ."

ಜನವರಿಯ ಮೊದಲ ವಾರ ಮಿಡಿಗೇಶಿಯ ಶಾಲೆಯಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಕಲಿಕಾ ಹಬ್ಬವಿತ್ತು. ತೀರ್ಪುಗಾರರು ಬೇಕು ಅಂದಾಗ ನಾನು ಹೋಗುತ್ತೇನೆ ಎಂದು ಕೈ ಎತ್ತಿದೆ. ಕಥೆ ಹೇಳುವ ಸ್ಪರ್ಧೆ ಒಂದು ನೆವ. ತನ್ನ ಅಜ್ಜಿ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆಂದು ಮಗು ನನಗೆ ಹೇಳಿತ್ತು.

ಕೋಟೆಯ ಬೆಟ್ಟ ಶಾಲೆಯ ಹಿಂದೆಯೇ ಇದೆ. ಅಡುಗೆ ಕೋಣೆಯ ಮುಂದೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಬಡಿಸುತ್ತಿದ್ದ ಇಬ್ಬರಲ್ಲಿ ಯಾರೆಂದು ಕೇಳಬೇಕಾಗಲಿಲ್ಲ. ಫೋಟೊದಲ್ಲಿದ್ದವನ ಮೂಗು, ಅಗಲವಾದ ಹಣೆ ಅವಳದೇ. ಐವತ್ತೆಂಟರ ಆಸುಪಾಸಿನ ಗಟ್ಟಿ ಹೆಂಗಸು. ತಟ್ಟೆ ಹಿಡಿದು ಹೋದೆ. ಸೊಸೆಯ ಎದುರುಮನೆಯವಳು ಎಂದು ಪರಿಚಯ ಹೇಳಿಕೊಂಡೆ. ಖುಷಿಯಾಗಿ ಸಾರು ಇನ್ನೊಂದು ಸೌಟು ಜಾಸ್ತಿ ಹಾಕಿದಳು.

"ಮಗ ಎಲ್ಲಿದಾನಮ್ಮಾ ಈಗ?" ಎಂದೆ. ಬೇಕೆಂದೇ ಕೇಳಿದೆ. ಆಮೇಲೆ ಎಷ್ಟೋ ಜನರಿಗೆ ಬಾಯಿ ತಪ್ಪಿ ಬಂತು ಎಂದು ಹೇಳಿದ್ದೇನೆ. ಅದು ನಿಜವಲ್ಲ.

"ಬೆಳಗಾವೀಲವ್ನೆ ಕಣಮ್ಮ. ಹೊಸ ಹುಡುಗ್ರಿಗೆ ಟ್ರೇನಿಂಗ್ ಕೊಡ್ತಾನಂತೆ."

"ಆಫ್ರಿಕಾದಲ್ಲಿದಾನೆ ಅಂತ ಕೇಳಿದ್ದೆ."

ಅವಳು ನನ್ನ ಮುಖ ನೋಡಿದಳು. ಸೌಟು ನಿಲ್ಲಲಿಲ್ಲ. ನನ್ನ ಹಿಂದಿದ್ದ ಮಗುವಿಗೆ ಅನ್ನ ಹಾಕಿದಳು, ಅದರ ಹಿಂದಿನದಕ್ಕೂ ಹಾಕಿದಳು. ಆಮೇಲೆ ಕೇಳಿದಳು:

"ಅದು ಸಮುದ್ರದಾಚೆಗಾ?"

"ಹೌದು."

ಸಾಲು ಮುಗಿಯುವವರೆಗೆ ಬಡಿಸಿದಳು. ಕೊನೆಯ ಮಗು ಹೋದ ಮೇಲೆ ಜೊತೆಯವಳಿಗೆ ಪಾತ್ರೆ ನೋಡಿಕೋ ಎಂದು ಹೇಳಿ, ಅಡುಗೆ ಕೋಣೆಯ ಜಗಲಿಯ ಮೇಲೆ ಕುಳಿತುಕೊಂಡಳು. ನನಗೂ ಕೂರು ಎಂದು ಕೈ ತೋರಿಸಿದಳು.

"ನಮ್ಮಣ್ಣನೂ ಮಿಲಿಟರಿಗೆ ಸೇರಿದ್ದ. ಅವ್ನನ್ನ ಲಂಕಾಗೆ ಕರ್ಕೊಂಡೋದ್ರು. ಅಲ್ಲೂ ಜಗಳ ಬಿಡ್ಸಾಕೇ ಹೋಗಿದ್ದು. ಹದಿನೈದು ದಿನ ನಂಗೂ ನಮ್ಮವ್ವನಿಗೂ ಏನಂದ್ರು ಗೊತ್ತಾ? ಜ್ವರ ಬಂದೈತೆ, ಮದ್ರಾಸ್ ಆಸ್ಪತ್ರೇಲವ್ನೆ ಅಂತ. ಅಂಗಂತ ಹೇಳ್ತಿದ್ದೋನು ನಮ್ಮಪ್ಪನೇ. ಸತ್ತೋದ ಅಂತ ತಂತಿ ಬಂದು ಅಷ್ಟೂ ದಿನ ಆಗಿತ್ತು. ಕೊನೆಗೆ ಒಂದು ಕಬ್ಬಿಣದ ಪೆಟ್ಟಿಗೆ ಬಂತು. ಅದ್ರಾಗೆ ಬಟ್ಟೆ ಇದ್ವು. ಅವ್ನಿರ್ಲಿಲ್ಲ."

"ನಿಮ್ಮ ಮಗ ಚೆನ್ನಾಗಿದಾನಮ್ಮಾ, ಫೋಟೊ ನೋಡಿದೀನಿ," ಎಂದೆ.

"ಫೋಟೊದಾಗೆ ನಮ್ಮಣ್ಣನೂ ಚೆನ್ನಾಗವ್ನೆ," ಎಂದಳು.

ಮಿಡಿಗೇಶಿಯಿಂದ ಮಧುಗಿರಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಎದುರುಮನೆಯವಳು ರಸ್ತೆಯಲ್ಲೇ ಕಾಯುತ್ತಿದ್ದಳು. ಅತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಅವರೇ ಹೇಳಿದ್ದು ಅಕ್ಕಾ, ಅಮ್ಮನಿಗೆ ಹೇಳ್ಬೇಡ ಅಂತ. ಮಗು ಬಾಯಿ ಬಿಡುತ್ತೆ ಅಂತಲೇ ಬೇರೆ ಮನೆ ಮಾಡಿದ್ದು. ಭಾನುವಾರ ಭಾನುವಾರ ಒಬ್ಬಳೇ ಹೋಗಿ ಸುಳ್ಳು ಹೇಳಿ ಬರ್ತಿದ್ದೆ. ಆ ಫೋಟೊಗೆ ಹಾರ ಹಾಕ್ತೀನಿ ಅಂದ್ರಲ್ಲ ನೀವು... ಬದುಕಿರೋರ ಫೋಟೊಗೆ ಯಾರಾದ್ರೂ ಹಾರ ಹಾಕ್ತಾರಾ?"

ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದು ಹೊಳೆದಿರಲಿಲ್ಲ.

ಮರುದಿನವೇ ಆ ತಾಯಿ ಮಧುಗಿರಿಗೆ ಬಂದಳು. ಸೊಸೆಯ ಮನೆಯ ಮೆಟ್ಟಿಲು ಹತ್ತದೆ ನೇರವಾಗಿ ನಮ್ಮ ಬಾಗಿಲಿಗೆ ಬಂದಳು. "ಇವ್ರು ಇಷ್ಟು ದಿನ ಬೆಳಗಾವಿ ಅಂದ್ರು. ಈಗ ಚೆನ್ನಾಗವ್ನೆ ಅಂತಾರೆ. ಮೊದಲ್ನೇದು ಸುಳ್ಳಾದ್ರೆ ಎರಡ್ನೇದು ಹೆಂಗ್ ನಂಬ್ಲಿ? ನೀನೊಬ್ಳೇ ನಿಜ ಹೇಳಿದ್ದು. ನೀನು ಕೂತ್ಕೊಂಡು ಅವ್ನ ಹತ್ರ ಮಾತಾಡ್ಸು."

ಹಾಗಾಗಿ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಮನೆಯ ಊಟದ ಮೇಜಿನ ಸುತ್ತ ಸೇರುವ ಪರಿಪಾಠವಾಯಿತು: ತಾಯಿ, ಸೊಸೆ, ಮೊಮ್ಮಗಳು, ನಾನು. ಮೊದಲ ಭಾನುವಾರ ವೀಡಿಯೊದಲ್ಲಿ ಅವನ ಮುಖ ಬಂದಾಗ ಹೆಂಡತಿ ಮಗಳು ಒಟ್ಟಿಗೇ ಮಾತಾಡತೊಡಗಿದರು. ತಾಯಿ ಫೋನಿನಿಂದ ದೂರ ಕುಳಿತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅಮ್ಮ, ಮಾತಾಡಮ್ಮ," ಎಂದ ಅವನು.

ಅವಳು ನನ್ನ ಕಿವಿಯಲ್ಲಿ, "ಸತ್ತೋರನ್ನೂ ಫೋನಾಗೆ ಮಾತಾಡ್ಸ್ತಾರಂತಲ್ಲ ಈಗ. ಇಸ್ಕೂಲ್ ಮಕ್ಳು ತೋರ್ಸಿದ್ರು ನಂಗೆ," ಎಂದಳು. ಆಮೇಲೆ ಮುಂದಕ್ಕೆ ಬಗ್ಗಿ, ಗಟ್ಟಿಯಾಗಿ ಕೇಳಿದಳು: "ಲೇ, ಆರ್ನೇ ಕ್ಲಾಸ್ನಾಗೆ ಬೆಟ್ಟದ ಮೇಲಿಂದ ಬಿದ್ದು ಕಾಲು ಮುರ್ಕೊಂಡ್ಯಲ್ಲ, ಎಡಗಾಲೋ ಬಲಗಾಲೋ?"

ತೆರೆಯ ಮೇಲೆ ಅವನ ಮುಖ ನಿಂತುಬಿಟ್ಟಿತು. ಆ ತಡೆ ನೆಟ್‌ವರ್ಕಿನದೋ ಅವನದೋ ಗೊತ್ತಾಗಲಿಲ್ಲ.

"ಕಾಲು ಮುರ್ಕೊಂಡಿದ್ದು ನಾನಲ್ಲ ಕಣಮ್ಮ, ಅಣ್ಣ. ನಂದು ಮುರಿದಿದ್ದು ಹಲ್ಲು. ಅವತ್ತು ನೀನು ಇಬ್ರಿಗೂ ಹೊಡ್ದೆ."

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಭುಜ ಮಾತ್ರ ಅಲ್ಲಾಡುತ್ತಿತ್ತು.

ಒಂದು ಸಲಕ್ಕೆ ಅವಳಿಗೆ ಸಾಕಾಗಲಿಲ್ಲ. ಪ್ರತಿ ವಾರ ಹೊಸ ಪ್ರಶ್ನೆ, ಪ್ರತಿ ಪ್ರಶ್ನೆಯಲ್ಲೂ ಒಂದು ಗುಂಡಿ. ಮಾರಿದ ಎತ್ತಿನ ಬಣ್ಣ ತಪ್ಪು ಹೇಳಿ ಕೇಳುವಳು, ಸತ್ತ ನಾಯಿಗೆ ಬೇರೆ ಹೆಸರಿಡುವಳು. ಅವನು ಬೇಸರವಿಲ್ಲದೆ ತಿದ್ದುತ್ತಿದ್ದ. ಹೆಂಡತಿಗೆ ಮಾತಾಡಲು ಉಳಿಯುತ್ತಿದ್ದದ್ದು ಕೊನೆಯ ಐದು ನಿಮಿಷ. ಅವಳಿಗೆ ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಟೀ ಲೋಟ ಇಡುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಗಣರಾಜ್ಯೋತ್ಸವದ ಸನ್ಮಾನ ನಡೆಯಲಿಲ್ಲ. ನಾನು ವಿಷಯ ಎತ್ತಿದಾಗ ತಾಯಿ, "ಅವ್ನು ಇನ್ನೂ ಬಂದಿಲ್ವಲ್ಲ, ಯಾರ್ಗೆ ಹೇಳ್ತೀಯಮ್ಮ? ಬರ್ಲಿ. ಬಂದ್ಮೇಲೆ ಏನು ಹೇಳ್ತೀಯೋ ಹೇಳು," ಎಂದುಬಿಟ್ಟಳು. ಮಕ್ಕಳ ಪತ್ರಗಳನ್ನು ಮಾತ್ರ ಫೋನಿನಲ್ಲಿ ಫೋಟೊ ತೆಗೆದು ಕಳಿಸಿದೆವು. ಮುದ್ದೆಯ ಪ್ರಶ್ನೆ ಕೇಳಿದ್ದವಳಿಗೆ, ಅಲ್ಲಿಯ ಜನ ಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯಂಥದ್ದನ್ನೇ ತಿರುವುತ್ತಾರೆ, ಸಾರು ಮಾತ್ರ ನಮ್ಮದಲ್ಲ ಎಂದು ಉತ್ತರ ಬಂತು.

ಜೂನ್ ತಿಂಗಳಲ್ಲಿ ಒಂದು ಭಾನುವಾರ ಕರೆ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ನೆಟ್‌ವರ್ಕ್ ಇಲ್ಲವೇನೋ ಎಂದು ನಾವೇ ಹೇಳಿಕೊಂಡೆವು. ತಾಯಿ ಊಟ ಮಾಡದೆ ಬಸ್ಸು ಹತ್ತಿದಳು. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಆ ದೇಶದಲ್ಲಿ ಭಾರೀ ಪ್ರವಾಹ ಎನ್ನುವ ಸುದ್ದಿ ಎಲ್ಲೋ ನಾಲ್ಕು ಸಾಲು ಕಂಡಿತು. ಎದುರುಮನೆಯವಳು ಗಂಡನ ಪಡೆಯ ಆಫೀಸಿನ ನಂಬರಿಗೆ ಮಾಡಿದರೆ, ಗಾಬರಿಯಾಗಬೇಡಿ, ತಿಳಿದ ಕೂಡಲೇ ಹೇಳುತ್ತೇವೆ ಅಂದರಂತೆ. ಶನಿವಾರದವರೆಗೂ ಹಾಗೆಯೇ ಹೋಯಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಎದುರುಮನೆಯವಳು ನಮ್ಮ ಮನೆಯಲ್ಲಿ ಕುಳಿತಿದ್ದಳು. ಎಷ್ಟೋ ತಿಂಗಳ ನಂತರ ನನ್ನ ಮುಖ ನೋಡಿ ಮಾತಾಡಿದಳು.

"ಅಕ್ಕಾ, ಅತ್ತೆ ಮೂರು ದಿನದಿಂದ ಸರಿಯಾಗಿ ಉಣ್ತಿಲ್ಲ ಅಂತ ಭಾವ ಫೋನ್ ಮಾಡಿದ್ರು. ನೀವು ಹೋಗಿ ಹೇಳಿ. ನಿನ್ನೆ ನಿಮ್ಮ ಫೋನಿಗೆ ಮಾಡಿದ್ರು, ಚೆನ್ನಾಗಿದಾರೆ ಅನ್ನಿ. ನಾನು ಹೇಳಿದ್ರೆ ನಂಬಲ್ಲ. ನಿಮ್ಮನ್ನ ನಂಬ್ತಾರೆ."

ಏನು ಹೇಳಲಿ? ಅವಳ ಸುಳ್ಳನ್ನು ಒಡೆದವಳು ನಾನು. ಈಗ ಅದೇ ಬಾಯಲ್ಲಿ ಸುಳ್ಳು ಹೇಳು ಎಂದು ಅವಳೇ ಕೇಳುತ್ತಿದ್ದಳು. ಆಗಲಿ ಎಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಎಷ್ಟು ಹೊತ್ತಿಗೆ ಫೋನು ಬಂತು, ಅವನು ಏನು ಹೇಳಿದ, ಯಾಕೆ ವೀಡಿಯೊ ಬರಲಿಲ್ಲ. ಸುಳ್ಳಿಗೆ ಇಷ್ಟೊಂದು ಸಾಮಾನು ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಭಾನುವಾರ ಭಾನುವಾರ ಇದೇ ಬಸ್ಸಿನಲ್ಲಿ ಎದುರುಮನೆಯವಳು ಹೀಗೇ ಕುಳಿತು ಹೋಗುತ್ತಿದ್ದಳಲ್ಲ ಎಂದು ಆಗ ಅನ್ನಿಸಿತು.

ತಾಯಿ ಪಡಸಾಲೆಯಲ್ಲಿ ಕುಳಿತು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ದೊಡ್ಡ ಮಗ ಹೊಲಕ್ಕೆ ಹೋಗಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಅವಳು ನೋಡುವ ಆ ನೋಟವನ್ನು ಫೋನಿನ ಈ ಕಡೆ ಕುಳಿತು ಎಷ್ಟೋ ಭಾನುವಾರ ನೋಡಿದ್ದೆ. ಮೊದಲ ಸಲ ಅದು ನನ್ನ ಮೇಲೆ ಬಿತ್ತು.

"ಫೋನ್ ಬಂತಾ?"

"ಇಲ್ಲಮ್ಮ. ಬಂದಿಲ್ಲ. ಹೇಗಿದಾನೆ ಅಂತ ನನಗೆ ಗೊತ್ತಿಲ್ಲ," ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಉಸಿರು ಬಿಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅಂಗಾರೆ ಬದುಕವ್ನೆ. ಏನಾರ ಆಗಿದ್ರೆ ನೀನು ನಕ್ಕೊಂಡು ಬರ್ತಿದ್ದೆ. ಫೋನ್ ಬಂತು, ಚೆನ್ನಾಗವ್ನೆ ಅಂತಿದ್ದೆ. ನಮ್ಮಪ್ಪ ಅಂಗೇ ನಗ್ತಿದ್ದ. ಗೊತ್ತಿಲ್ಲ ಅಂದ್ರೆ ಇನ್ನೂ ಯಾರ್ಗೂ ಗೊತ್ತಿಲ್ಲ. ಕೂತ್ಕೋ, ಕಾಯಿ ಸುಲಿ."

ಸಂಜೆಯ ಬಸ್ಸಿನವರೆಗೆ ಕೂತು ಸುಲಿದೆ. ಉಗುರು ನೋಯುತ್ತಿತ್ತು. ಅವಳು ಎದ್ದು ಹೋಗಿ ಅನ್ನ ಮಾಡಿ ನನಗೂ ಇಟ್ಟು ತಾನೂ ಉಂಡಳು.

ಕರೆ ಬಂದದ್ದು ನಾಲ್ಕು ದಿನದ ಮೇಲೆ. ನೀರು ನುಗ್ಗಿ ಟವರು ಬಿದ್ದಿತ್ತಂತೆ. ಹತ್ತಿರದ ಹಳ್ಳಿಗೆ ಹೊಳೆ ಹರಿಯದಂತೆ ಇವರು ಹಗಲೂ ರಾತ್ರಿ ಮಣ್ಣಿನ ಏರಿ ಹಾಕುತ್ತಿದ್ದರಂತೆ. ಮುಖ ಕಪ್ಪಿಟ್ಟು ಗಡ್ಡ ಬೆಳೆದಿತ್ತು. ತಾಯಿ ಆ ದಿನ ಪ್ರಶ್ನೆ ಕೇಳಲಿಲ್ಲ.

ಅವನು ಬಂದದ್ದು ಸೆಪ್ಟೆಂಬರಿನಲ್ಲಿ. ಕರೆದುಕೊಂಡು ಬರಲು ಬೆಂಗಳೂರಿನ ಏರ್‌ಪೋರ್ಟಿಗೆ ಹೋದ ಕಾರಿನಲ್ಲಿ ನಾನೂ ಇದ್ದೆ, ತಾಯಿ ಬಿಡಲಿಲ್ಲ. ಬಾಗಿಲಿನಿಂದ ಹೊರಗೆ ಬಂದವನ ಹತ್ತಿರ ಹೆಂಡತಿ ಮಗಳು ಓಡಿದರು. ತಾಯಿ ಕೊನೆಗೆ ಹೋದಳು. ತಬ್ಬಿಕೊಳ್ಳಲಿಲ್ಲ. ಮುಂಗೈ ಹಿಡಿದು ಅಮುಕಿ ನೋಡಿ, "ಬಾಯಿ ತೆಗಿ," ಎಂದಳು. ಅಷ್ಟು ಜನರ ಮಧ್ಯೆ ಆ ಎತ್ತರದ ಗಂಡಸು ಬಗ್ಗಿ ಬಾಯಿ ತೆಗೆದ. ಮುರಿದ ಹಲ್ಲನ್ನು ಬೆರಳಿನಲ್ಲಿ ಮುಟ್ಟಿ ನೋಡಿದ ಮೇಲೇ ಅವಳು ಅತ್ತದ್ದು.

ಒಂದು ವಾರದ ಮೇಲೆ ನಮ್ಮ ಶಾಲೆಗೆ ಬಂದ. ಹಾರ ಬೇಡ ಎಂದು ಮೊದಲೇ ಹೇಳಿದ್ದ. ಮಕ್ಕಳ ಜೊತೆ ಎರಡು ಗಂಟೆ ಕುಳಿತಿದ್ದ. ಆನೆಯ ಪ್ರಶ್ನೆಯವನಿಗೆ, ತಾನು ಇದ್ದ ಕಡೆ ಆನೆ ನೋಡಲಿಲ್ಲ, ದನ ಬಹಳ, ಒಂದೊಂದರ ಕೊಂಬು ಈ ಬಾಗಿಲಷ್ಟು ಎಂದು ಕೈ ಅಗಲಿಸಿ ತೋರಿಸಿದ. ಪಿ.ಟಿ. ಮೇಷ್ಟ್ರು ಹಿಂದೆ ನಿಂತು ಅವನನ್ನೇ ನೋಡುತ್ತಿದ್ದರು. ಹೊರಡುವಾಗ ಅವನು ಯಾರೂ ಕೇಳದೆ ಜೇಬಿನಿಂದ ಗುರುತಿನ ಚೀಟಿ ತೆಗೆದು ಅವರ ಕೈಗೆ ಕೊಟ್ಟ. ಮೇಷ್ಟ್ರ ಅನುಮಾನದ ಕಥೆಯನ್ನು ನನ್ನಿಂದ ಕೇಳಿದ್ದ ಹೆಂಡತಿ ಅವನಿಗೆ ಹೇಳಿದ್ದಳು. ಮೇಷ್ಟ್ರು ಕೆಂಪಾದರು, ಆದರೂ ಚೀಟಿಯ ಎರಡೂ ಮಗ್ಗುಲು ಓದಿ ಕೊಟ್ಟರು.

ಆ ಸಂಜೆ ತಾಯಿ ನನ್ನ ಹತ್ತಿರ ಬಂದಳು. "ನನ್ನ ಮಗಂಗೆ ನೀನು ಹೇಳೋ ಮಾತು ಹೇಳಿದ್ದಾಯ್ತು. ಇನ್ನೊಬ್ರಿಗೆ ನಾನು ಹೇಳೋದೈತೆ. ನಾಳೆ ಕೊರಟಗೆರೆಗೆ ಬರ್ತೀಯಾ?"

ಅವಳ ಅಣ್ಣನ ಪೆಟ್ಟಿಗೆಯನ್ನು ಲಂಕೆಯಿಂದ ಮನೆಗೆ ತಂದುಕೊಟ್ಟವನು ಅವನ ಜೊತೆಯಲ್ಲೇ ಇದ್ದ ಸೈನಿಕ, ಕೊರಟಗೆರೆಯ ಕಡೆಯವನು. ರಜದ ಮೇಲೆ ಬಂದವನು ತಲೆಯ ಮೇಲೆ ಪೆಟ್ಟಿಗೆ ಹೊತ್ತು ಬಂದಿದ್ದ. ಅವಳ ಅಪ್ಪ ಪೆಟ್ಟಿಗೆ ತೆರೆದು ಎಲ್ಲವನ್ನೂ ನೆಲಕ್ಕೆ ಸುರಿದು, "ನನ್ನ ಮಗಂದು ವಾಚೆಲ್ಲಿ?" ಎಂದು ಕೇಳಿದ್ದನಂತೆ. ಅವನು ಉತ್ತರ ಹೇಳುವ ಮೊದಲೇ ಕಳ್ಳ ಎಂದು ಬೈದು ಅಟ್ಟಿದ್ದನಂತೆ. "ಬಿಸಿಲಾಗೆ ಬಂದೋನಿಗೆ ಒಂದು ಚೆಂಬು ನೀರು ಕೊಡ್ಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವತ್ತು ನಂಗೂ ಅಂಗೇ ಅನ್ಸಿತ್ತು, ಇವ್ನೇ ತಗೊಂಡವ್ನೆ ಅಂತ." ಮಗ ಅಲ್ಲಿ ಇಲ್ಲಿ ವಿಚಾರಿಸಿ ಆ ಸೈನಿಕರ ವಿಳಾಸ ಹುಡುಕಿದ್ದ.

ಕೊರಟಗೆರೆಯ ಒಂದು ಅಡ್ಡರಸ್ತೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಸಣ್ಣ ಅಂಗಡಿ. ಬನಿಯನ್ನಿನ ಮೇಲೆ ಖಾಕಿ ಅಂಗಿ ಹಾಕಿದ್ದ ಮುದುಕರು ತಾಮ್ರದ ತಂತಿ ಸುತ್ತುತ್ತಿದ್ದರು. ನಮ್ಮ ಮೂವರನ್ನು ನೋಡಿ ತಲೆ ಎತ್ತಿದರು.

"ಮೋಟ್ರು ತಂದಿದೀರಾ?"

"ಇಲ್ಲ ಸರ್. ನಿಮ್ಮನ್ನ ನೋಡೋಕೆ ಬಂದ್ವಿ. ನೀವು ಲಂಕೆಯಲ್ಲಿದ್ರಲ್ಲ..." ಎಂದ ಮಗ.

ಅವರ ಮುಖ ಬಿಗಿಯಾಯಿತು. "ಯಾವ ಪಾರ್ಟಿಯೋರು? ಸೈನ್ ಗೈನ್ ಏನೂ ಹಾಕಲ್ಲ ನಾನು." ನನ್ನ ಕೈಯಲ್ಲಿದ್ದ ಫೋನು ಕಂಡು, "ಮೊದ್ಲು ಅದನ್ನ ಒಳಗಿಡಮ್ಮ. ಮೂವತ್ತು ಚಿಲ್ಲರೆ ವರ್ಷ ಯಾರೂ ಬರ್ಲಿಲ್ಲ. ಇವತ್ತು ಯಾಕೆ ಬಂದ್ರಿ?"

ತಾಯಿ ಮುಂದೆ ಬಂದಳು. "ನಾನು ಮಿಡಿಗೇಶಿಯೋಳು. ನೀವು ಪೆಟ್ಟಿಗೆ ತಂದಿದ್ರಲ್ಲ, ಅವ್ನ ತಂಗಿ."

ತಂತಿ ಸುತ್ತುವ ಕೈ ನಿಂತಿತು. ಅವರು ಅವಳನ್ನು ನೋಡಲಿಲ್ಲ. ಮೋಟಾರನ್ನೇ ನೋಡುತ್ತಾ ಹೇಳಿದರು, "ವಾಚು ಕೇಳೋಕೆ ಬಂದ್ಯಾ?"

"ಇಲ್ಲ. ತಪ್ಪಾಯ್ತು ಅನ್ನಾಕೆ ಬಂದೆ."

ಪಕ್ಕದ ಗ್ಯಾರೇಜಿನಲ್ಲಿ ಯಾರೋ ಬೈಕಿನ ಇಂಜಿನ್ನು ಏರಿಸಿ ಇಳಿಸುತ್ತಿದ್ದರು.

"ಅದು ಅವನ ಕೈಲೇ ಇತ್ತು," ಎಂದರು ಕೊನೆಗೆ. "ಸುಡೋವಾಗ ಬಿಚ್ಚಿಡು ಅಂತ ಒಬ್ಬ ಅಂದ. ನಾನೇ ಬಿಡ್ಲಿಲ್ಲ. ಮೊದಲ್ನೇ ಸಂಬಳದಾಗೆ ತಗೊಂಡಿದ್ದು, ಇರ್ಲಿ ಬುಡು ಅಂದೆ. ನಿಮ್ಮಪ್ಪನಿಗೆ ಅದನ್ನೇ ಹೇಳೋಕೆ ಬಂದಿದ್ದೆ."

ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ನಮ್ಮಪ್ಪ ಸಾಯೋವರ್ಗೂ ನಿಮ್ಮನ್ನ ಬೈದ."

"ಗೊತ್ತು," ಎಂದರು. ಸ್ಟೂಲಿನಿಂದ ಎದ್ದು ಬಂದು, ಮಗನನ್ನು ಮೇಲಿನಿಂದ ಕೆಳಗೆ ನೋಡಿದರು. "ಇವನು?"

ಎಲ್ಲಿಗೆ ಹೋಗಿದ್ದ, ಯಾವಾಗ ಬಂದ ಎಂದು ಅವನೇ ಹೇಳಿದ. ನೇರವಾಗಿ ನಿಂತು, ಹಿರಿಯರಿಗೆ ಸೈನ್ಯದಲ್ಲಿ ಹೇಗೆ ಹೇಳುತ್ತಾರೋ ಹಾಗೆ ಹೇಳಿದ. ಮುದುಕರು ಅವನ ಮಾತನ್ನು ಪರೀಕ್ಷೆ ಮಾಡುವವರಂತೆ ಕೇಳುತ್ತಿದ್ದರು. ಯಾವ ಊರಲ್ಲಿ ಟ್ರೇನಿಂಗು, ಯಾವ ಕಂಪನಿ, ಒಂದೊಂದೇ ಕೇಳಿ, ಸಮಾಧಾನವಾದ ಮೇಲೆ ತಲೆಯಾಡಿಸಿದರು.

"ನಿನ್ನ ಕರ್ಕೊಂಡು ಬರೋಕೆ ಯಾರಾದ್ರೂ ಬಂದಿದ್ರಾ?"

"ಎಲ್ಲರೂ ಬಂದಿದ್ರು ಸರ್. ಅಮ್ಮನೂ ಬಂದಿದ್ರು."

"ನಾವು ಹಡಗಿಳಿದಾಗ ನಮ್ಮೋರು ಅಂತ ಒಬ್ರೂ ಇರ್ಲಿಲ್ಲ. ಲಾರಿ ಹತ್ತು ಅಂದ್ರು, ಹತ್ತಿದ್ವಿ." ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಎದುರಿನ ಅಂಗಡಿಯವನಿಗೆ ನಾಲ್ಕು ಟೀ ಎಂದು ಕೂಗಿದರು.

ನಮ್ಮ ಶಾಲೆಗೆ ಬನ್ನಿ ಎಂದು ನಾನು ಕರೆದೆ. ಸನ್ಮಾನ ಎನ್ನುವ ಪದ ಬಳಸಲಿಲ್ಲ. "ನೋಡೋಣ" ಎಂದರು. ಬರಲಿಲ್ಲ.

ಮಗ ರಜ ಮುಗಿಸಿ ಹೋದ ಮೇಲೆ ತಾಯಿ ಒಬ್ಬಳೇ ಮತ್ತೊಮ್ಮೆ ಕೊರಟಗೆರೆಗೆ ಹೋಗಿಬಂದಳು. ಹೊಸ ಕಡ್ಲೆಕಾಯಿ ಒಂದು ಚೀಲ ತೆಗೆದುಕೊಂಡು ಹೋಗಿದ್ದಳು. ಅವರು ಮತ್ತೆ ಅದೇ ಮುಖ ಮಾಡಿ, "ಈಗ್ಯಾಕ್ ಬಂದೆ?" ಎಂದು ಕೇಳಿದರಂತೆ.

"ಏನಂದ್ರಿ?" ಎಂದೆ.

"ಸುಮ್ಕೆ ಬಂದೆ ಅಂದೆ," ಎಂದಳು. "ನಂಬ್ಲಿಲ್ಲ ಅವ್ರು. ಆದ್ರೂ ಒಳೀಕ್ ಕರ್ದು ಹೆಂಡ್ರಿಗೆ ಹೇಳಿ ಊಟ ಇಕ್ಸಿದ್ರು."